ದೊಡ್ಡ ದೋಣಿಯೋ, ಚಿಕ್ಕ ದೋಣಿಯೋ?



ವಿನೋದಕ್ಕಾಗಿ ಮೋಟಾರು ದೋಣಿಯನ್ನು ಕೊಳ್ಳುವವರು ಚಿಕ್ಕದನ್ನು ಕೊಳ್ಳಬೇಕೋ ದೊಡ್ಡದನ್ನು ಕೊಳ್ಳಬೇಕೋ ಎಂಬುದು ಈ ಹೊತ್ತಿನ ನಮ್ಮ ಭಾಷಣದ ವಿಷಯ. ಇದನ್ನು ಕೇಳಿದೊಡನೆ ನಿಮ್ಮಲ್ಲಿ ಕೆಲವರಿಗೆ ನಗೆ ಬರಬಹುದು. ಮನೆಯ ಬಾಡಿಗೆಯನ್ನೂ ಮಕ್ಕಳ ಶಾಲೆಯ ಶುಲ್ಕವನ್ನೂ ಹೊಂದಿಸುವುದರಲ್ಲಿಯೇ ತಿಂಗಳು ಮುಗಿದುಹೋಗುವ ನಮ್ಮಂತಹವರಿಗೆ ದೋಣಿಯ ಚಿಂತೆ ಏತಕ್ಕೆ ಎಂದು ಕೇಳಬಹುದು. ಪ್ರಶ್ನೆ ನ್ಯಾಯವಾದದ್ದೇ. ಆದರೆ ನಮ್ಮ ಬಡಾವಣೆಗಳಲ್ಲಿ ಮಗನೋ ಮಗಳೋ ಅಮೆರಿಕದಲ್ಲಿರುವ ಮನೆಗಳು ಈಗ ಅಪರೂಪವಲ್ಲ. ಆ ಮಕ್ಕಳಲ್ಲಿ ಕೆಲವರು ದೊಡ್ಡ ಸರೋವರಗಳ ಸಮೀಪದಲ್ಲಿ ಮನೆ ಮಾಡಿಕೊಂಡಿದ್ದಾರೆ. ಬೇಸಗೆಯಲ್ಲಿ ತಂದೆತಾಯಿಗಳು ಹೋದಾಗ, ಪ್ರೀತಿಯಿಂದ ಅವರನ್ನು ನೀರಿನ ಮೇಲೆ ಕರೆದುಕೊಂಡು ಹೋಗುತ್ತಾರೆ. ಆದುದರಿಂದ ದೋಣಿಯನ್ನು ಎಂದಿಗೂ ಕೊಳ್ಳದವರೂ ಒಂದಲ್ಲ ಒಂದು ದಿನ ಅದರಲ್ಲಿ ಕುಳಿತುಕೊಳ್ಳಬೇಕಾಗಬಹುದು. ಕೊಳ್ಳುವವನಿಗೆ ಎಷ್ಟು ತಿಳಿದಿರಬೇಕೋ ಕುಳಿತುಕೊಳ್ಳುವವನಿಗೂ ಅಷ್ಟು ತಿಳಿದಿರಬೇಕು ಎಂಬುದನ್ನು ನಾವು ಸ್ವಲ್ಪ ಕಷ್ಟಪಟ್ಟೇ ಕಲಿತೆವು.

2022ನೆಯ ಇಸವಿಯ ಬೇಸಗೆಯಲ್ಲಿ ನಾವು ಮಿಷಿಗನ್ ಪ್ರಾಂತದ ಡೆಟ್ರಾಯಿಟ್ ನಗರದ ಬಳಿ ನಮ್ಮ ಭಾವಮೈದುನನ ಮನೆಯಲ್ಲಿ ಆರು ವಾರ ಇದ್ದೆವು. ಅವನು ಅಲ್ಲಿ ಎಂಜಿನಿಯರು. ಇಪ್ಪತ್ತು ವರ್ಷಗಳಿಂದ ಆ ಊರಿನವನೇ ಆಗಿಬಿಟ್ಟಿದ್ದಾನೆ. ಅವನ ಮನೆಯಿಂದ ಅರ್ಧ ಗಂಟೆಯ ದಾರಿಯಲ್ಲಿ ಸೇಂಟ್ ಕ್ಲೇರ್ ಎಂಬ ಸರೋವರವಿದೆ. 1679ನೆಯ ಇಸವಿಯ ಆಗಸ್ಟಿನಲ್ಲಿ ಲಾ ಸಾಲ್ ಎಂಬ ಫ್ರೆಂಚ್ ಅನ್ವೇಷಕನು ತನ್ನ ಹಡಗಿನೊಡನೆ ಅಲ್ಲಿಗೆ ಬಂದಾಗ ಆ ದಿನ ಯಾವ ಸಂತಳ ಹಬ್ಬವಾಗಿತ್ತೋ ಆಕೆಯ ಹೆಸರನ್ನೇ ಸರೋವರಕ್ಕೆ ಇಟ್ಟರು. ಒಂದು ದಡ ಅಮೆರಿಕಕ್ಕೂ ಇನ್ನೊಂದು ದಡ ಕೆನಡಾಕ್ಕೂ ಸೇರಿದೆ. ಅದರ ವಿಸ್ತೀರ್ಣ ಸುಮಾರು 430 ಚದರ ಮೈಲಿ. ಆದರೆ ಆಳವನ್ನು ಕೇಳಿದರೆ ಆಶ್ಚರ್ಯವಾಗುತ್ತದೆ: ಸರಾಸರಿ 11 ಅಡಿ, ಹಡಗುಗಳು ಹೋಗುವುದಕ್ಕಾಗಿ ತೋಡಿರುವ ಕಾಲುವೆಯನ್ನು ಬಿಟ್ಟರೆ, ಅತ್ಯಂತ ಆಳವಾದ ಕಡೆಯಲ್ಲಿಯೂ 21 ಅಡಿ. ನಮ್ಮ ಕಡೆಯ ಎಷ್ಟೋ ತೋಟದ ಬಾವಿಗಳು ಇದಕ್ಕಿಂತ ಆಳವಾಗಿವೆ. ಈ ಆಳದ ವಿಷಯವನ್ನು ದಯವಿಟ್ಟು ನೆನಪಿನಲ್ಲಿಡಿ, ಮುಂದೆ ಬೇಕಾಗುವುದು.

ದೋಣಿಯ ಹುಚ್ಚಿಗೆ ಆ ಪ್ರದೇಶ ಹೆಸರಾದದ್ದು. ದೋಣಿಯ ಹಿಂಬದಿಗೆ ತಗುಲಿಸುವ ಔಟ್‌ಬೋರ್ಡ್ ಮೋಟಾರನ್ನು ಸಾಮಾನ್ಯ ಜನರ ಕೈಗೆ ಎಟುಕುವಂತೆ ಮಾಡಿದವರಲ್ಲಿ ಮುಖ್ಯನಾದ ಓಲೆ ಎವಿನ್‌ರೂಡ್ ಎಂಬಾತನು ನೆರೆಯ ವಿಸ್ಕಾನ್ಸಿನ್ ಪ್ರಾಂತದ ಮಿಲ್ವಾಕಿಯವನು. 1909ರಲ್ಲಿ ತನ್ನ ಮೋಟಾರುಗಳ ಮಾರಾಟಕ್ಕೆ ತೊಡಗಿದನು. ಸೇಂಟ್ ಕ್ಲೇರ್ ನದಿಯ ದಡದ ಆಲ್ಗೊನ್ಯಾಕ್ ಎಂಬ ಸಣ್ಣ ಊರಿನಲ್ಲಿ ಕ್ರಿಸ್ಟೋಫರ್ ಸ್ಮಿತ್ ಎಂಬಾತನ ಕುಟುಂಬವು ಕ್ರಿಸ್-ಕ್ರಾಫ್ಟ್ ಎಂಬ ಪ್ರಸಿದ್ಧ ಮರದ ದೋಣಿಗಳನ್ನು ಕಟ್ಟಿತು. ಅದೇ ನದಿಯ ಮೇಲೆ 1932ರಲ್ಲಿ ಗಾರ್ ವುಡ್ ಎಂಬ ಧನಿಕನು ನಾಲ್ಕು ದೊಡ್ಡ ಎಂಜಿನುಗಳನ್ನು ಕೂಡಿಸಿದ್ದ ದೋಣಿಯನ್ನು ಗಂಟೆಗೆ 124 ಮೈಲಿಗೂ ಮೀರಿದ ವೇಗದಲ್ಲಿ ಓಡಿಸಿ ಲೋಕವನ್ನು ಬೆರಗುಗೊಳಿಸಿದನು. ಇಂತಹ ಕಡೆಯಲ್ಲಿ ಇಪ್ಪತ್ತು ವರ್ಷವಿದ್ದ ನಮ್ಮ ಭಾವಮೈದುನನಿಗೆ ದೋಣಿಯ ಆಸೆ ಹುಟ್ಟಿದ್ದು ಸೋಜಿಗವಲ್ಲ. ಇಷ್ಟು ತಡವಾಗಿ ಹುಟ್ಟಿದ್ದೇ ಸೋಜಿಗ.

ಅವನು ಎರಡು ದೋಣಿಗಳನ್ನು ನೋಡಿಟ್ಟಿದ್ದನು. ಒಂದು 16 ಅಡಿ ಉದ್ದದ ತೆರೆದ ದೋಣಿ. ಹಿಂದುಗಡೆ 50 ಕುದುರೆಶಕ್ತಿಯ ಮೋಟಾರು. ಇನ್ನೊಂದು 24 ಅಡಿ ಉದ್ದದ್ದು. ಮುಂಭಾಗದಲ್ಲಿ ಮಲಗುವಷ್ಟು ಸ್ಥಳವಿರುವ ಸಣ್ಣ ಕೋಣೆ, ಒಳಗಡೆಯೇ ಕೂಡಿಸಿದ 250 ಕುದುರೆಶಕ್ತಿಯ ಎಂಜಿನು. "ಭಾವ, ನೀವು ಭೌತಶಾಸ್ತ್ರದ ಮೇಷ್ಟ್ರು. ಲೆಕ್ಕ ಹಾಕಿ ಹೇಳಿ, ಯಾವುದನ್ನು ತೆಗೆದುಕೊಳ್ಳಲಿ?" ಎಂದು ಕೇಳಿದನು. ಕಾಲೇಜಿನ ಉಪನ್ಯಾಸಕನಿಗೆ ಇಂತಹ ಪ್ರಶ್ನೆ ಬಂದರೆ ಹಿಗ್ಗು ಬಾರದಿರುವುದುಂಟೆ? ನಾವು ಕಾಗದ ಪೆನ್ಸಿಲುಗಳನ್ನು ತರಿಸಿ ಕುಳಿತೆವು.

ಆಗ ಹಾಕಿದ ಲೆಕ್ಕವನ್ನು ನಿಮ್ಮ ಮುಂದಿಡುತ್ತೇವೆ, ಅದೇನೂ ಕಷ್ಟವಾದದ್ದಲ್ಲ. 24 ಅಡಿಯು 16 ಅಡಿಯ ಒಂದೂವರೆಯಷ್ಟು. ಎರಡು ದೋಣಿಗಳ ಆಕಾರ ಒಂದೇ ಆಗಿದ್ದು ಅಳತೆ ಮಾತ್ರ ಬೇರೆ ಎಂದು ಭಾವಿಸಿದರೆ, ಉದ್ದ ಒಂದೂವರೆಯಷ್ಟಾದಾಗ ಅಗಲವೂ ಎತ್ತರವೂ ಒಂದೂವರೆಯಷ್ಟಾಗುತ್ತವೆ. ಆದ್ದರಿಂದ ತೂಕವು ಒಂದೂವರೆಯನ್ನು ಮೂರು ಸಲ ಗುಣಿಸಿದಷ್ಟು, ಎಂದರೆ ಮೂರು ಪಟ್ಟಿಗೂ ಮೀರಿ ಹೆಚ್ಚುತ್ತದೆ. ಪಕ್ಕಕ್ಕೆ ಬಾಗಿದಾಗ ತಾನಾಗಿಯೇ ನೆಟ್ಟಗಾಗುವ ಶಕ್ತಿಯು ಇನ್ನೂ ಒಂದು ಸಲ ಗುಣಿಸಿದಷ್ಟು, ಎಂದರೆ ಸುಮಾರು ಐದು ಪಟ್ಟು ಹೆಚ್ಚುತ್ತದೆ. ಆದರೆ ಮನುಷ್ಯನ ತೂಕ ಎರಡು ದೋಣಿಗಳಲ್ಲಿಯೂ ಒಂದೇ. ಒಬ್ಬನು ಎದ್ದು ಅಂಚಿಗೆ ಬಂದು ನಿಂತರೆ ಚಿಕ್ಕ ದೋಣಿ ಎಷ್ಟು ಬಾಗುವುದೋ ದೊಡ್ಡದು ಅದರ ಮೂರನೆಯ ಒಂದು ಪಾಲಿನಷ್ಟು ಮಾತ್ರ ಬಾಗುತ್ತದೆ. ದೊಡ್ಡ ದೋಣಿಯಲ್ಲಿ ಕಾಲಿಟ್ಟೊಡನೆ ಮನಸ್ಸಿಗೆ ಉಂಟಾಗುವ ಧೈರ್ಯದ ಮೂಲ ಇದೇ. ಆ ಧೈರ್ಯ ಸುಳ್ಳಲ್ಲ.

ಅಲೆಯ ಲೆಕ್ಕವೂ ದೊಡ್ಡದರ ಪರವಾಗಿಯೇ ಇದೆ. ಆಳವಿಲ್ಲದ ಸರೋವರದ ಮೇಲೆ ಗಾಳಿ ಎದ್ದಾಗ ಸಮುದ್ರದಂತೆ ಉದ್ದವಾದ, ನಿಧಾನವಾದ ಅಲೆಗಳು ಏಳುವುದಿಲ್ಲ. ಒತ್ತೊತ್ತಾದ, ಗೋಡೆಯಂತೆ ಕಡಿದಾದ ಅಲೆಗಳು ಏಳುತ್ತವೆ. ಎರಡು ಸೆಕೆಂಡಿಗೆ ಒಂದರಂತೆ ಬರುವ ಅಲೆಗಳ ತಲೆಯಿಂದ ತಲೆಗೆ ಇರುವ ದೂರ ಸುಮಾರು 20 ಅಡಿ. 24 ಅಡಿಯ ದೋಣಿಯು ಒಂದು ಅಲೆಯಿಂದ ಇನ್ನೊಂದಕ್ಕೆ ಸೇತುವೆಯಂತೆ ಚಾಚಿಕೊಂಡು ಸಾಗುತ್ತದೆ. 16 ಅಡಿಯದು ಪ್ರತಿಯೊಂದು ಅಲೆಯನ್ನೂ ಹತ್ತಬೇಕು, ಪ್ರತಿಯೊಂದರಿಂದಲೂ ಬೀಳಬೇಕು.

ಇಷ್ಟು ಕೇಳಿ ನಮ್ಮ ಭಾವಮೈದುನನ ಮುಖ ಅರಳಿತು. ಆದರೆ ಖರ್ಚಿನ ಪುಟವನ್ನು ತೆರೆದಾಗ ಬಾಡಿತು. ದೋಣಿಯ ವೇಗದ ವಿಷಯದಲ್ಲಿ ವಿಲಿಯಂ ಫ್ರೂಡ್ ಎಂಬ ಇಂಗ್ಲಿಷ್ ಎಂಜಿನಿಯರನು 1870ರ ದಶಕದಲ್ಲಿ ಸಣ್ಣ ಮಾದರಿಗಳನ್ನು ನೀರಿನ ತೊಟ್ಟಿಯಲ್ಲಿ ಎಳೆದು ಪರೀಕ್ಷಿಸಿ ತಿಳಿದ ತತ್ತ್ವಗಳಿವೆ. ನೀರನ್ನು ಸೀಳಿಕೊಂಡು ಹೋಗುವ ದೋಣಿ ತಾನೇ ಎಬ್ಬಿಸಿದ ಅಲೆಯಲ್ಲಿ ಸಿಕ್ಕಿಕೊಳ್ಳುತ್ತದೆ. 16 ಅಡಿಯ ದೋಣಿ ಐದು ನಾಟುಗಳ ಮೇಲೂ, 24 ಅಡಿಯದು ಆರೂವರೆ ನಾಟುಗಳ ಮೇಲೂ ಸುಲಭವಾಗಿ ಹೋಗಲಾರವು. ಅದಕ್ಕಿಂತ ವೇಗ ಬೇಕಾದರೆ ದೋಣಿಯು ನೀರಿನಿಂದ ಮೇಲಕ್ಕೆದ್ದು ಅದರ ಮೈಮೇಲೆ ಜಾರಿಕೊಂಡು ಹೋಗಬೇಕು. ಮೂರು ಪಟ್ಟು ಭಾರವನ್ನು ಹಾಗೆ ಎತ್ತಿ ಹಿಡಿಯುವುದಕ್ಕೆ ಎಂಜಿನಿನ ಶಕ್ತಿಯೂ ಅದಕ್ಕೆ ತಕ್ಕಂತೆ ಬೇಕು. ಪೂರ್ಣ ವೇಗದಲ್ಲಿ ಕುದುರೆಶಕ್ತಿಯ ಹತ್ತನೆಯ ಒಂದು ಪಾಲಿನಷ್ಟು ಗ್ಯಾಲನ್ ಪೆಟ್ರೋಲು ಗಂಟೆಗೆ ಉರಿಯುವುದೆಂದು ದೋಣಿಯವರ ಬಾಯಿಲೆಕ್ಕ. ಚಿಕ್ಕದು ಗಂಟೆಗೆ 5 ಅಮೆರಿಕನ್ ಗ್ಯಾಲನ್, ಎಂದರೆ 19 ಲೀಟರ್ ಕುಡಿದರೆ, ದೊಡ್ಡದು 25 ಗ್ಯಾಲನ್, ಎಂದರೆ 95 ಲೀಟರ್ ಕುಡಿಯುತ್ತದೆ. ಚಿಕ್ಕದನ್ನು ಮನೆಯ ಕಾರಿನ ಹಿಂದೆ ಗಾಡಿಯ ಮೇಲಿಟ್ಟು ಎಳೆದುಕೊಂಡು ಹೋಗಬಹುದು. ದೊಡ್ಡದಕ್ಕೆ ಬೇರೆ ಬಲವಾದ ವಾಹನವೇ ಬೇಕು, ಇಲ್ಲವೆ ದಡದಲ್ಲಿ ವರ್ಷದ ಬಾಡಿಗೆಗೆ ಸ್ಥಳ ಹಿಡಿಯಬೇಕು. ಚಳಿಗಾಲದಲ್ಲಿ ಸರೋವರ ಹೆಪ್ಪುಗಟ್ಟುವುದರಿಂದ ದೋಣಿಯನ್ನು ಮೇಲಕ್ಕೆಳೆದು, ಎಂಜಿನಿನ ಕೊಳವೆಗಳಲ್ಲಿ ನೀರು ನಿಲ್ಲದಂತೆ ಬಸಿದು, ಮುಸುಕು ಹಾಕಿ, ಆರೇಳು ತಿಂಗಳು ಸುಮ್ಮನೆ ಇಡಬೇಕು. ಆನೆಯನ್ನು ಕೊಂಡವನು ಅಂಕುಶದ ಬೆಲೆಗೆ ಅಂಜಬಾರದೆಂಬುದು ಸರಿ. ಆದರೆ ಆನೆಯ ಮೇವಿನ ಬೆಲೆಯನ್ನು ವಿಚಾರಿಸದೆ ಇರುವುದು ಜಾಣತನವಲ್ಲ.

ಹೀಗೆ ಲೆಕ್ಕ ಎರಡು ಕಡೆಗೂ ತೂಗುತ್ತಿದ್ದಾಗ ನಮ್ಮ ಭಾವಮೈದುನನು, "ಕಾಗದದ ಮೇಲೆ ಸಾಕು ಭಾವ, ನೀರಿನ ಮೇಲೆ ನೋಡೋಣ" ಎಂದು, ಸ್ನೇಹಿತರೊಬ್ಬರ 16 ಅಡಿಯ ದೋಣಿಯನ್ನು ಒಂದು ಭಾನುವಾರಕ್ಕೆ ಎರವಲು ತಂದನು. ಅವನು, ಅವನ ಹೆಂಡತಿ, ಇಬ್ಬರು ಮಕ್ಕಳು, ನಮ್ಮ ಮನೆಯವರು, ನಾವು, ಮತ್ತು ಎಪ್ಪತ್ತೆರಡು ವಯಸ್ಸಿನ ನಮ್ಮ ಅತ್ತೆಯವರು: ಒಟ್ಟು ಏಳು ಜನ.

ಅಮೆರಿಕದಲ್ಲಿ 20 ಅಡಿಗಿಂತ ಚಿಕ್ಕದಾದ ಮೋಟಾರು ದೋಣಿಗಳಿಗೆ ಒಂದು ಸಣ್ಣ ಫಲಕವನ್ನು ಅಂಟಿಸಿರಬೇಕೆಂಬ ಕಾನೂನು 1970ರ ದಶಕದಿಂದ ಇದೆ. ಎಷ್ಟು ಜನ, ಎಷ್ಟು ಭಾರ, ಎಷ್ಟು ಶಕ್ತಿಯ ಮೋಟಾರು ಎಂಬ ಮೂರು ಅಂಕಿಗಳು ಅದರಲ್ಲಿರುತ್ತವೆ. ಫಲಕವಿಲ್ಲದ ಹಳೆಯ ದೋಣಿಗಳಿಗೆ ಉದ್ದವನ್ನು ಅಗಲದಿಂದ ಅಡಿಗಳಲ್ಲಿ ಗುಣಿಸಿ ಹದಿನೈದರಿಂದ ಭಾಗಿಸಬೇಕೆಂಬ ಸ್ಥೂಲವಾದ ಸೂತ್ರವೂ ಉಂಟು. ನಾವು ಹತ್ತಿದ ದೋಣಿ 16 ಅಡಿ ಉದ್ದ, 6 ಅಡಿ ಅಗಲ. ಭಾಗಿಸಿದರೆ ಆರು ಚಿಲ್ಲರೆ. ಫಲಕದಲ್ಲಿಯೂ ಆರು ಜನ ಎಂದೇ ಬರೆದಿತ್ತು. ನಾವು ಅದನ್ನು ಓದಿದೆವು. ನಮ್ಮ ಭಾವಮೈದುನನೂ ಓದಿದನು. "ಮಕ್ಕಳು ಅರ್ಧ ಟಿಕೆಟ್ಟು, ಎರಡು ಅರ್ಧ ಸೇರಿ ಒಂದು" ಎಂದು ಅವನು ನಗುತ್ತ ಹೇಳಿದನು. ನಾವೂ ನಕ್ಕೆವು. ಹಿಂದಿನ ರಾತ್ರಿಯಷ್ಟೇ ಸ್ಥಿರತೆಯ ಮೇಲೆ ಒಂದು ಗಂಟೆ ಉಪನ್ಯಾಸ ಮಾಡಿದ್ದ ನಾವು, ಬೆಳಗ್ಗೆ ಒಂದು ಮಾತನ್ನೂ ಆಡಲಿಲ್ಲ. ಸಂತೋಷವಾಗಿ ಹೊರಟವರ ನಡುವೆ ಅಪಶಕುನ ನುಡಿಯುವುದೇಕೆ ಎಂಬ ದಾಕ್ಷಿಣ್ಯ.

ಹೋಗುವಾಗ ನೀರು ಕನ್ನಡಿಯಂತಿತ್ತು. ಒಂದೂವರೆ ಗಂಟೆಯ ಮೇಲೆ ಹಿಂದಿರುಗುವಾಗ ಗಾಳಿ ಎದ್ದಿತು. ಗಾಳಿ ದೊಡ್ಡದೇನೂ ಅಲ್ಲ. ದಡದಲ್ಲಿದ್ದವರು ಟೋಪಿಯನ್ನು ಹಿಡಿದುಕೊಳ್ಳುವಷ್ಟು. ಆದರೆ ಮೊದಲು ಹೇಳಿದೆವಲ್ಲ, ಆ ಕಡಿದಾದ ಅಲೆಗಳು, ಅವು ಹತ್ತೇ ನಿಮಿಷದಲ್ಲಿ ಎದ್ದವು. ದೋಣಿಯ ಮೂತಿ ಎದ್ದು ಬಿದ್ದು ಹೊಡೆದುಕೊಳ್ಳತೊಡಗಿತು. ಮುಂದೆ ಕುಳಿತಿದ್ದ ಮಕ್ಕಳು ಅಳುತ್ತ ಹಿಂದಕ್ಕೆ ಬಂದರು. ಅವರನ್ನು ಹಿಡಿದುಕೊಳ್ಳಲು ತಾಯಿಯೂ ಬಂದಳು. ಏಳು ಜನರ ಭಾರವೂ ಹಿಂಭಾಗಕ್ಕೆ ಸೇರಿತು. ಔಟ್‌ಬೋರ್ಡ್ ದೋಣಿಯ ಹಿಂದಿನ ಗೋಡೆಯನ್ನು ಮೋಟಾರು ಕೂರುವುದಕ್ಕಾಗಿ ತಗ್ಗು ಮಾಡಿರುತ್ತಾರೆ. ಭಯಪಟ್ಟ ನಮ್ಮ ಭಾವಮೈದುನನು ವೇಗವನ್ನು ಥಟ್ಟನೆ ತಗ್ಗಿಸಿದನು. ದೋಣಿ ಎಬ್ಬಿಸಿದ್ದ ಅಲೆಯೇ ಹಿಂದಿನಿಂದ ಬಂದು ಆ ತಗ್ಗಿನ ಮೇಲೆ ಹಾಯ್ದು ಒಳಕ್ಕೆ ಸುರಿಯಿತು.

ದೋಣಿಯೊಳಗೆ ಬಂದ ನೀರು ಬರಿಯ ಭಾರವಲ್ಲ. ಗೋಣಿಯ ಚೀಲ ಇಟ್ಟಲ್ಲಿ ಇರುತ್ತದೆ; ನೀರು ಹಾಗಲ್ಲ, ದೋಣಿ ಯಾವ ಕಡೆಗೆ ಬಾಗಿತೋ ಆ ಕಡೆಗೇ ಓಡಿ ಇನ್ನಷ್ಟು ಬಾಗಿಸುತ್ತದೆ. ಪಾದ ಮುಳುಗುವಷ್ಟು ನೀರು ಆ ಪಕ್ಕಕ್ಕೂ ಈ ಪಕ್ಕಕ್ಕೂ ಹರಿಯುತ್ತಿದ್ದಾಗ, ಇದನ್ನೇ ಹಲಗೆಯ ಮೇಲೆ ಚಿತ್ರ ಬರೆದು ವರ್ಷವರ್ಷವೂ ಪಾಠ ಹೇಳಿದ್ದ ನಮ್ಮ ಕೈ ನಡುಗುತ್ತಿತ್ತು. ತಿಂಡಿಯ ಡಬ್ಬಿಯನ್ನು ಬರಿದುಮಾಡಿ ಅದರಿಂದ ನೀರನ್ನು ಮೊಗೆದು ಚೆಲ್ಲಿದೆವು. ಮಕ್ಕಳನ್ನೂ ಅವರ ತಾಯಿಯನ್ನೂ ನಡುವೆ ನೆಲದ ಮೇಲೆಯೇ ಕೂರಿಸಿದೆವು. ನಮ್ಮ ಅತ್ತೆಯವರು ಒಂದು ಕೈಯಿಂದ ಹಲಗೆಯನ್ನೂ ಇನ್ನೊಂದರಿಂದ ಚಿಕ್ಕ ಮೊಮ್ಮಗಳ ಜಡೆಯನ್ನೂ ಹಿಡಿದುಕೊಂಡು ಕಣ್ಣು ಮುಚ್ಚಿ ಕುಳಿತಿದ್ದರು. ಒಂದು ಸಲವೂ ಕೂಗಲಿಲ್ಲ. ನಿಧಾನವಾಗಿ, ಅಲೆಗೆ ಓರೆಯಾಗಿ ಬಂದು, ಮುಕ್ಕಾಲು ಗಂಟೆಯ ಮೇಲೆ ದಡ ಸೇರಿದೆವು. ಯಾರಿಗೂ ಏನೂ ಆಗಲಿಲ್ಲ. ಏನೂ ಆಗಲಿಲ್ಲವಾದ್ದರಿಂದಲೇ ಇಂದು ಇದನ್ನು ಭಾಷಣವಾಗಿ ಹೇಳುತ್ತಿದ್ದೇವೆ.

ಆ ರಾತ್ರಿ ನಮ್ಮ ಭಾವಮೈದುನನು ತೀರ್ಮಾನ ಹೇಳಿಬಿಟ್ಟನು: "ಸಾಲವಾದರೂ ಸರಿ, ದೊಡ್ಡದನ್ನೇ ತೆಗೆದುಕೊಳ್ಳುತ್ತೇನೆ." ಭಯಪಟ್ಟವನ ತೀರ್ಮಾನ ಯಾವಾಗಲೂ ದೊಡ್ಡದರ ಕಡೆಗೇ. ಸಂಖ್ಯೆಗಳೂ ಅವನ ಪಕ್ಷದಲ್ಲಿರುವಂತೆ ಕಾಣುತ್ತಿದ್ದವು. ಅಮೆರಿಕದ ಕೋಸ್ಟ್ ಗಾರ್ಡ್ ಎಂಬ ಕರಾವಳಿ ಪಡೆಯವರು ದೋಣಿಯ ಅಪಘಾತಗಳ ವರದಿಯನ್ನು ವರ್ಷವರ್ಷವೂ ಪ್ರಕಟಿಸುತ್ತಾರೆ. 2018ರ ವರದಿಯಲ್ಲಿ, ಮುಳುಗಿ ಸತ್ತವರ ಪೈಕಿ ಹತ್ತರಲ್ಲಿ ಎಂಟು ಜನ 21 ಅಡಿಗಿಂತ ಚಿಕ್ಕ ದೋಣಿಗಳಲ್ಲಿದ್ದವರು ಎಂದಿದೆ. ಇದನ್ನು ಓದಿದವನು ದೊಡ್ಡ ದೋಣಿಯ ಅಂಗಡಿಗೆ ಓಡುವುದು ಸಹಜ. ಆದರೆ ಇಂತಹ ಅಂಕಿಯನ್ನು ಬಿಡಿಸಿ ನೋಡಬೇಕು. ಲೋಕದಲ್ಲಿ ಚಿಕ್ಕ ದೋಣಿಗಳೇ ಹೆಚ್ಚು. ಹುಟ್ಟು ಹಾಕುವ ಸಣ್ಣ ದೋಣಿಗಳೂ ಆ ಎಂಟರಲ್ಲಿ ಸೇರಿವೆ. ಅದೇ ವರದಿಯಲ್ಲಿ ಇನ್ನೊಂದು ಅಂಕಿ ಇದೆ: ಮುಳುಗಿ ಸತ್ತವರಲ್ಲಿ, ವಿವರ ತಿಳಿದ ಮಟ್ಟಿಗೆ, ನೂರಕ್ಕೆ 84 ಜನ ತೇಲುವ ಜಾಕೆಟ್ಟನ್ನು ತೊಟ್ಟಿರಲಿಲ್ಲ. ದೋಣಿಯ ಉದ್ದವನ್ನು ಎಂಟು ಅಡಿ ಹೆಚ್ಚಿಸುವುದಕ್ಕೆ ಸಾಲ ಬೇಕು. ಜಾಕೆಟ್ಟಿನ ಪಟ್ಟಿಯನ್ನು ಬಿಗಿಯುವುದಕ್ಕೆ ಅರ್ಧ ನಿಮಿಷ ಸಾಕು.

ಇನ್ನೂ ಒಂದು ವಿಚಿತ್ರವನ್ನು ಹೇಳಬೇಕು. 20 ಅಡಿಗಿಂತ ಚಿಕ್ಕದಾದ ಔಟ್‌ಬೋರ್ಡ್ ದೋಣಿಯು ನೀರು ತುಂಬಿದರೂ ಮಟ್ಟಸವಾಗಿ ತೇಲುತ್ತಿರಬೇಕೆಂದು ಅಲ್ಲಿನ ನಿಯಮ; ಅದಕ್ಕಾಗಿ ಅದರ ಹೊಟ್ಟೆಯಲ್ಲಿ ಸಾಮಾನ್ಯವಾಗಿ ಹಗುರವಾದ ನೊರೆಯಂತಹ ವಸ್ತುವನ್ನು ತುಂಬಿರುತ್ತಾರೆ. ಆ ಮಿತಿಯನ್ನು ದಾಟಿದ ದೊಡ್ಡ ದೋಣಿಗಳಿಗೆ ಈ ನಿಯಮವಿಲ್ಲ. ಜನರ ಸಂಖ್ಯೆಯ ಫಲಕವೂ ಕಡ್ಡಾಯವಲ್ಲ. ಚಿಕ್ಕದು ಬೇಗ ನೀರು ತುಂಬಿಕೊಳ್ಳಬಹುದು, ಆದರೆ ಅದನ್ನು ಹಿಡಿದುಕೊಂಡು ತೇಲಬಹುದು. ದೊಡ್ಡದು ಸುಲಭವಾಗಿ ತುಂಬದು. ತುಂಬಿದರೆ ತಳ ಸೇರಲೂಬಹುದು. ಆದರೆ ಚಿಕ್ಕದರ ಈ ಭರವಸೆಯು ಫಲಕದ ಅಂಕಿಯವರೆಗೆ ಮಾತ್ರ ಎಂಬುದನ್ನು ಮರೆಯಬಾರದು. ಆರನ್ನು ಏಳು ಮಾಡಿದ ಗಳಿಗೆಯಲ್ಲಿ ನಾವು ಆ ಭರವಸೆಯ ಪತ್ರವನ್ನು ನಮ್ಮ ಕೈಯಾರೆ ಹರಿದುಹಾಕಿದ್ದೆವು.

ದೊಡ್ಡ ದೋಣಿಗೆ ಅದರದೇ ಆದ ಅಪಾಯಗಳೂ ಉಂಟು. ಎಂಜಿನು ಒಳಗಿರುವುದರಿಂದ ಪೆಟ್ರೋಲಿನ ಆವಿ ಅಡಿಯಲ್ಲಿ ಸೇರಿಕೊಳ್ಳುತ್ತದೆ. ಆದ್ದರಿಂದ ಪ್ರತಿ ಸಲವೂ ನಾಲ್ಕು ನಿಮಿಷ ಗಾಳಿಯ ಯಂತ್ರವನ್ನು ತಿರುಗಿಸಿ ಆವಿಯನ್ನು ಹೊರದೂಡಿದ ಮೇಲೆಯೇ ಎಂಜಿನನ್ನು ಹೊತ್ತಿಸಬೇಕು. ಮುಚ್ಚಿದ ಕೋಣೆಯಲ್ಲಿ, ಬಣ್ಣವೂ ವಾಸನೆಯೂ ಇಲ್ಲದ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷವಾಯು ಸೇರಿದರೆ ಮಲಗಿದವರು ಏಳುವುದಿಲ್ಲ. ದಡಕ್ಕೆ ಕಟ್ಟುವಾಗ ಅದರ ಎತ್ತರವಾದ ಮೈಗೆ ಗಾಳಿ ಹೊಡೆದರೆ ಒಬ್ಬನ ಕೈಯಲ್ಲಿ ಹಿಡಿದು ನಿಲ್ಲಿಸುವುದು ಕಷ್ಟ. ಆದರೆ ಎಲ್ಲಕ್ಕಿಂತ ದೊಡ್ಡ ಅಪಾಯ ಮನಸ್ಸಿನದು. 16 ಅಡಿಯಲ್ಲಿ ಏಳನೆಯವನನ್ನು ಹತ್ತಿಸಿಕೊಂಡ ಮನಸ್ಸು, 24 ಅಡಿಯಲ್ಲಿ ಹದಿಮೂರನೆಯವನನ್ನು ಹತ್ತಿಸಿಕೊಳ್ಳದೆ ಇರುವುದೇ? ಅಲ್ಪ ಗಾಳಿಯಲ್ಲಿ ಹೊರಟದ್ದು ಬಿರುಗಾಳಿಯಲ್ಲಿ ಹೊರಡದೆ ಇರುವುದೇ? ದೊಡ್ಡ ದೋಣಿಯು ಹೆಚ್ಚಿನ ಅವಕಾಶವನ್ನು ಕೊಡುತ್ತದೆ, ನಿಜ. ಆ ಅವಕಾಶವನ್ನು ಉಳಿಸಿಕೊಳ್ಳುವವನಿಗೆ ಮಾತ್ರ ಅದು ಕ್ಷೇಮ. ಖರ್ಚುಮಾಡಿಬಿಡುವವನಿಗೆ ಎರಡೂ ಒಂದೇ.

ಇದನ್ನೆಲ್ಲ ಹೇಳಿ, "ಒಂದು ವರ್ಷ ತಡೆ. ಬಾಡಿಗೆಗೆ ತೆಗೆದುಕೊಂಡು ಹೋಗು; ಹೋದ ದಿನವೆಲ್ಲ ಒಂದು ಪುಸ್ತಕದಲ್ಲಿ ಎಷ್ಟು ಜನ, ಎಲ್ಲಿಗೆ, ಗಾಳಿ ಹೇಗಿತ್ತು ಎಂದು ಬರೆದಿಡು. ಆ ಮೇಲೆ ಕೊಂಡುಕೊ" ಎಂದು ಸಲಹೆ ಕೊಟ್ಟು ನಾವು ಊರಿಗೆ ಹಿಂದಿರುಗಿದೆವು. ಅವನು ಎಂಜಿನಿಯರನಾದ್ದರಿಂದ ಹಾಗೆಯೇ ಮಾಡಿದನು. 2023ರ ಬೇಸಗೆಯ ಪುಸ್ತಕವನ್ನು ನಮಗೆ ಕಳುಹಿಸಿದನು. ಒಟ್ಟು ಹದಿನೆಂಟು ದಿನ ಹೋಗಿದ್ದಾರೆ. ಅದರಲ್ಲಿ ಹನ್ನೆರಡು ದಿನ ನಾಲ್ಕು ಜನ ಅಥವಾ ಅದಕ್ಕಿಂತ ಕಡಮೆ. ನಾಲ್ಕು ದಿನ ಐದಾರು ಜನ. ಎರಡು ದಿನ ಮಾತ್ರ ಏಳು ಜನ. ಬಹಳ ದಿನ ಹೋದದ್ದು ದಡದ ಬಳಿಯ ಕಾಲುವೆಗಳಿಗೂ ನದಿಯ ಮುಖದ ಜೊಂಡಿನ ನಡುವಿನ ಶಾಂತವಾದ ನೀರಿಗೂ. ಗಾಳಿಗೆ ಹೆದರಿ ಮನೆಯಲ್ಲಿಯೇ ಉಳಿದದ್ದು ಐದು ದಿನ. ಅವುಗಳಲ್ಲಿ ಮೂರು ದಿನ, "24 ಅಡಿಯದು ಇದ್ದಿದ್ದರೂ ಅಮ್ಮನನ್ನು ಕರೆದುಕೊಂಡು ಹೋಗುತ್ತಿರಲಿಲ್ಲ" ಎಂದು ಪಕ್ಕದಲ್ಲಿ ಬರೆದಿದ್ದನು.

ನೋಡಿದಿರಾ, ಪ್ರಶ್ನೆ ಹೇಗೆ ಬದಲಾಯಿತು! ದೊಡ್ಡದೋ ಚಿಕ್ಕದೋ ಎಂದು ದೋಣಿಯನ್ನು ನೋಡಿ ಕೇಳುತ್ತಿದ್ದೆವು. ಉತ್ತರವಿದ್ದದ್ದು ಹದಿನೆಂಟು ದಿನದ ಪುಸ್ತಕದಲ್ಲಿ. ವರ್ಷದಲ್ಲಿ ಎರಡು ದಿನದ ನೆಂಟರಿಗಾಗಿ ಮೂರು ಪಟ್ಟು ಭಾರವನ್ನು ವರ್ಷವೆಲ್ಲ ಹೊತ್ತು ತಿರುಗಬೇಕೆ? ಅವನ ಪುಸ್ತಕದಲ್ಲಿ ಹದಿನೆಂಟಕ್ಕೆ ಹನ್ನೆರಡು ದಿನ ಏಳೆಂಟು ಜನ ಇದ್ದಿದ್ದರೆ, ತೆರೆದ ಸರೋವರವನ್ನು ಅಡ್ಡ ದಾಟಿ ಕೆನಡಾದ ದಡಕ್ಕೆ ಹೋಗುವ ಅಭ್ಯಾಸವಿದ್ದಿದ್ದರೆ, ನಾವೇ ದೊಡ್ಡದನ್ನು ಕೊಳ್ಳೆಂದು ಹೇಳುತ್ತಿದ್ದೆವು. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬುದು ಗಾದೆ. ದೋಣಿಯ ವಿಷಯದಲ್ಲಿ ಅದಕ್ಕೆ ಇನ್ನೊಂದು ಮಾತನ್ನು ಸೇರಿಸಬೇಕು: ಮೊದಲು ಕಾಲನ್ನು ಅಳೆದು ಆಮೇಲೆ ಹಾಸಿಗೆಯನ್ನು ಕೊಳ್ಳಬೇಕು, ಕೊಂಡ ಮೇಲೆ ಎಷ್ಟೇ ಚೆನ್ನಾಗಿ ನಿದ್ದೆ ಬಂದರೂ ಅದರ ಆಚೆಗೆ ಕಾಲು ಚಾಚಬಾರದು.

ನಮ್ಮ ಭಾವಮೈದುನನು ಎತ್ತರವಾದ ಅಂಚುಗಳುಳ್ಳ 16 ಅಡಿಯ ದೋಣಿಯೊಂದನ್ನು ಕೊಂಡನು. ಎಂಜಿನನ್ನು ನಿಲ್ಲಿಸುವ ಸ್ವಿಚ್ಚಿಗೆ ಸೇರಿದ ಹಗ್ಗವನ್ನು ಮೈಗೆ ಸಿಕ್ಕಿಸಿಕೊಂಡೇ ನಡೆಸುತ್ತಾನೆ. ನಡೆಸುವವನು ನೀರಿಗೆ ಬಿದ್ದರೆ ಎಂಜಿನು ತಾನಾಗಿ ನಿಲ್ಲುವುದು. 26 ಅಡಿಗಿಂತ ಚಿಕ್ಕ ದೋಣಿಯನ್ನು ತೆರೆದ ಸ್ಥಳದಲ್ಲಿ ಕುಳಿತು ವೇಗವಾಗಿ ನಡೆಸುವವರಿಗೆ ಇದು 2021ರ ಏಪ್ರಿಲಿನಿಂದ ಅಲ್ಲಿ ಕಾನೂನೇ ಆಗಿದೆ. ಜಾಕೆಟ್ಟಿನ ವಿಷಯದಲ್ಲಿ ಅವನು ಕಾನೂನನ್ನೂ ಮೀರಿದ್ದಾನೆ. ಆ ಪ್ರಾಂತದಲ್ಲಿ ಆರು ವರ್ಷದೊಳಗಿನ ಮಕ್ಕಳು ತೆರೆದ ದೋಣಿಯಲ್ಲಿ ಅದನ್ನು ತೊಡಲೇಬೇಕು, ಉಳಿದವರಿಗೆ ಒಂದೊಂದು ದೋಣಿಯಲ್ಲಿದ್ದರೆ ಸಾಕು. ಅವನ ದೋಣಿಯಲ್ಲಿ ತೊಡದವರಿಗೆ ಸ್ಥಳವಿಲ್ಲ.

ನಾವು ಚಿಕ್ಕವರಾಗಿದ್ದಾಗ ಕಾವೇರಿಯ ದಡದ ಅಜ್ಜಿಯ ಊರಿಗೆ ಹೋಗಬೇಕಾದರೆ ಹರಿಗೋಲಿನಲ್ಲಿ ಹೊಳೆ ದಾಟಬೇಕಾಗಿತ್ತು. ಅದನ್ನು ನಡೆಸುತ್ತಿದ್ದ ಮುದುಕನಿಗೆ ಓದುಬರಹ ಬರುತ್ತಿರಲಿಲ್ಲ. ಹರಿಗೋಲಿಗೆ ಫಲಕವೂ ಇರಲಿಲ್ಲ. ಆದರೆ ಜನ ಹತ್ತಿ ಕುಳಿತ ಮೇಲೆ ಅವನು ಒಂದು ಸಲ ಅಂಚನ್ನು, ಒಂದು ಸಲ ನೀರನ್ನು ನೋಡಿ, "ಒಬ್ಬರು ಇಳೀರಿ" ಎನ್ನುತ್ತಿದ್ದನು. ಶಾನುಭೋಗರಾದರೂ ಸರಿ, ಮದುವೆಯ ದಿಬ್ಬಣದವರಾದರೂ ಸರಿ, ಒಬ್ಬರು ಇಳಿಯುವವರೆಗೆ ಅವನು ಹುಟ್ಟನ್ನು ಮುಟ್ಟುತ್ತಿರಲಿಲ್ಲ. ಅವನಿಗೆ ಯಾರ ದಾಕ್ಷಿಣ್ಯವೂ ಇರಲಿಲ್ಲ. ಭೌತಶಾಸ್ತ್ರದ ಪದವಿಯನ್ನು ಪಡೆದ ನಾವು ಕಲಿಯಬೇಕಾಗಿದ್ದದ್ದು ಅಷ್ಟೇ ಆಗಿತ್ತು.

2024ರ ಬೇಸಗೆಯಲ್ಲಿ ಮತ್ತೆ ಅಲ್ಲಿಗೆ ಹೋಗಿದ್ದೆವು. ಒಂದು ಬೆಳಗ್ಗೆ ಎಲ್ಲರೂ ದೋಣಿಗಟ್ಟೆಗೆ ಹೋದೆವು. ಗಾಳಿ ಇರಲಿಲ್ಲ, ನೀರು ಆ ಮೊದಲ ದಿನದಂತೆಯೇ ಕನ್ನಡಿಯಾಗಿತ್ತು. ಮಕ್ಕಳು ಎರಡು ವರ್ಷ ಬೆಳೆದಿದ್ದರು. ಇನ್ನು ಅರ್ಧ ಟಿಕೆಟ್ಟಿನ ಮಾತೇ ಇಲ್ಲ. ಒಬ್ಬೊಬ್ಬರಾಗಿ ಹತ್ತಿ ಕುಳಿತೆವು. ನಮ್ಮ ಅತ್ತೆಯವರು ಜಾಕೆಟ್ಟಿನ ಪಟ್ಟಿಯನ್ನು ಬಿಗಿದುಕೊಂಡು ಬೆರಳು ಮಡಿಸುತ್ತ ಎಣಿಸಿದರು. ಎಣಿಸಿ ನಮ್ಮ ಕಡೆಗೆ ನೋಡಿ, "ಏಳಾಯಿತು ಅಳಿಯಂದಿರೇ" ಎಂದರು.

ಭಾವಮೈದುನನು ಏನೂ ಹೇಳಲಿಲ್ಲ, ಎಂಜಿನನ್ನೂ ಹೊತ್ತಿಸಲಿಲ್ಲ. ನಾವು ಎದ್ದು, ಕಟ್ಟೆಯ ಮೇಲಕ್ಕೆ ಹತ್ತಿ, ಹಗ್ಗವನ್ನು ಬಿಚ್ಚಿ ಅವನ ಕೈಗೆ ಕೊಟ್ಟೆವು. ಅವರು ಹಿಂದಿರುಗುವವರೆಗೆ ಎರಡು ಗಂಟೆಯ ಕಾಲ ಕಟ್ಟೆಯ ಮೇಲೆ ಕುಳಿತು ಪತ್ರಿಕೆ ಓದಿದೆವು. ನಮ್ಮ ಇಪ್ಪತ್ತು ವರ್ಷಗಳ ಉಪನ್ಯಾಸ ವೃತ್ತಿಯಲ್ಲಿ ಸ್ಥಿರತೆಯ ಪಾಠವನ್ನು ಅಷ್ಟು ಸರಿಯಾಗಿ ನಾವು ಎಂದೂ ಮಾಡಿರಲಿಲ್ಲವೆಂದು ತೋರುತ್ತದೆ.